ಬೀಳಲು ಕಾದಿರುವ ಪೈಲ್ವಾನ

ನಾಗಪುರದ ಮಹಾಲ್ ಭಾಗದ ಗಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗರಡಿಮನೆಯೊಳಗೆ ಗುಂಡಪ್ಪ ಪೈಲ್ವಾನರು ಸನಿಕೆ ಹಿಡಿದು ಕೆಂಪು ಮಣ್ಣು ಅಗೆಯುತ್ತಿದ್ದಾರೆ. ಮಜ್ಜಿಗೆ, ಎಣ್ಣೆ, ಅರಿಸಿನ ಉಂಡು ಹದವಾದ ಮಣ್ಣು. ಐವತ್ತು ದಾಟಿದ ಈ ಮನುಷ್ಯ ಆಮೇಲೆ ಲಂಗೋಟಿ ಬಿಗಿದು ತಾವೇ ಅಖಾಡಕ್ಕಿಳಿಯುತ್ತಾರೆ. ಇಪ್ಪತ್ತರ ಹುಡುಗರನ್ನು ಒಬ್ಬೊಬ್ಬರಾಗಿ ಕರೆದು, "ಕೆಡವ್ರಲೇ ನನ್ನ!" ಎಂದು ಗದರುತ್ತಾರೆ. ಯಾರೂ ಕೆಡವುವುದಿಲ್ಲ.

ಕುಸ್ತಿ ಕಲಿಸುವ ವಸ್ತಾದರಿಗೆ ಸೋಲುವ ಹಂಬಲವೇಕೆ? ಈ ಕುತೂಹಲವೇ ನನ್ನ ಬೆಳಗಿನ ನಿದ್ದೆ ಕೆಡಿಸಿ ಲಕ್ಷ್ಮೀ ನಗರದಿಂದ ಇಲ್ಲಿಗೆ ಎಳೆತಂದಿದೆ.

ಗುಂಡಪ್ಪನವರು ಜಮಖಂಡಿ ಕಡೆಯವರು. ಕುಸ್ತಿಯ ಬಲದಿಂದ ರೈಲ್ವೆ ನೌಕರಿ ಸಿಕ್ಕಿ ನಾಗಪುರದ ಅಜನಿಗೆ ಬಂದರು, ರೈಲ್ವೆ ಚಾಂಪಿಯನ್ ಆಗಿ ಬೆಳ್ಳಿ ಗದೆ ಹೊತ್ತರು. ಒಂಬತ್ತು ವರ್ಷಗಳ ಹಿಂದೆ, 1994ರಲ್ಲಿ, ಮೊಣಕಾಲು ತಿರುಚಿ ಸ್ಪರ್ಧೆ ನಿಂತಿತು. "ಮನ್ಯಾಗ ಕುಂತ್ರ ಹುಚ್ಚ ಹಿಡೀತಿತ್ರಿ. ಅದಕ್ಕ ಹುಡುಗರ್ನ ಕೂಡಿಸ್ಕೊಂಡ್ನಿ" ಎನ್ನುತ್ತಾರೆ. ಕಲಿಯುವವರು ಈಗ ಮೂವತ್ತು ಮಂದಿ. ಹೆಂಡತಿ ಕೃಷ್ಣವೇಣಿಯವರಿಗೆ ಮಾತ್ರ ಸಮಾಧಾನವಿಲ್ಲ: "ಕುರ್ಚಿ ಮ್ಯಾಲ ಕುಂತು ಸೀಟಿ ಊದ್ರಿ ಅಂದ್ರ ಕೇಳೂದಿಲ್ರಿ. ಇನ್ನೊಂದು ಮೊಣಕಾಲ ಯಾವಾಗ ಮುರ್ಕೋತಾರೋ!"

ಶಿಷ್ಯರ ಗುರುಭಕ್ತಿ ದೊಡ್ಡದು, ತೊಂದರೆಯೂ ಅದೇ. ಬ್ಯಾಂಕ್ ನೌಕರರೊಬ್ಬರ ಮಗ ಗಿರಿಧರ, ಗರಡಿಯ ಅತ್ಯುತ್ತಮ ಪಟು, ಹೋದ ವರ್ಷ ರಾಜ್ಯ ತಂಡದ ಆಯ್ಕೆಯಲ್ಲಿ ಗೆದ್ದ ಕುಸ್ತಿಯನ್ನು ಕೈಚೆಲ್ಲಿದ. ಎದುರಿದ್ದವನು ಬೇರೆ ಗರಡಿಯ ಹಿರಿಯ ಪೈಲ್ವಾನ. ಸೊಂಟ ಹಿಡಿದು ಎತ್ತಿಯೂ ಆಗಿತ್ತು, ಕೊನೆಗಳಿಗೆಯಲ್ಲಿ ಗಿರಿಧರನ ಕೈ ಸಡಿಲವಾಯಿತು. "ಕಾಯ್ ಕರೂ, ಏನ್ ಮಾಡ್ಲಿ ಸರ್? ಅವ್ರು ನಂಗೆ ದಾದಾ, ಅಣ್ಣ ಇದ್ದಂಗೆ. ನೆಲಕ್ಕೆ ಪಟಕಾಯ್ಸೋಕೆ ಮನಸ್ಸೇ ಬರ್ಲಿಲ್ಲ" ಎಂದು ಅವನು ತಲೆ ತಗ್ಗಿಸುತ್ತಾನೆ.

"ತಪ್ಪು ಅವಂದಲ್ರಿ, ನಂದು. ಹಿರ್ಯಾರ ಕಾಲ ಮುಟ್ಟೂದು ಮೊದಲ ಕಲಿಸಿದ್ನಿ, ಕಾಲ ಜಗ್ಗೂದು ಆಮ್ಯಾಲ" ಎನ್ನುತ್ತಾರೆ ಗುಂಡಪ್ಪ.

ಅಂದಿನಿಂದ ಹೊಸ ಕಾಯಿದೆ ಬಂದಿದೆ. ಅಖಾಡದೊಳಗೆ ನಮಸ್ಕಾರ ಬಂದ್. ವಸ್ತಾದರನ್ನು 'ಗುಂಡ್ಯಾ' ಎಂದೇ ಕರೆಯಬೇಕು. ಹುಡುಗರು ಬಹಳ ಕಷ್ಟಪಟ್ಟು 'ಗುಂಡ್ಯಾಜೀ' ಎನ್ನುವಷ್ಟು ಸುಧಾರಿಸಿದ್ದಾರೆ! ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರ ನಡುವೆ, ಬೀಳಲೆಂದೇ ಇವರು ಪಡುವ ಪಾಡು ಕಂಡು ನನಗೆ ನಗು ಬರುತ್ತದೆ, ಕರುಳೂ ಚುರುಕ್ಕೆನ್ನುತ್ತದೆ.

ಬರುವ ಭಾನುವಾರ ಮತ್ತೆ ಆಯ್ಕೆ. ಎದುರಾಳಿ ಅದೇ ಹಿರಿಯ. ಈ ಸಲವೂ ಸೋತರೆ ಗಿರಿಧರನನ್ನು ಅವನ ಅಪ್ಪ ಕುಸ್ತಿ ಬಿಡಿಸಿ ಬ್ಯಾಂಕ್ ಪರೀಕ್ಷೆಗೆ ಕೂರಿಸುವುದು ಖಂಡಿತ. "ನನ್ನ ಕೆಡವಿದ್ರ ಅಂವನ್ನೂ ಕೆಡವತಾನ. ಇಲ್ಲಾಂದ್ರ ಮುಗೀತ್ರಿ" ಎನ್ನುವ ಗುಂಡಪ್ಪನವರ ದನಿಯಲ್ಲಿ ಹೆದರಿಕೆ ಇದೆ.

ಇವತ್ತು ಗಿರಿಧರನ ಸರದಿ. ಬಹಳ ಹೊತ್ತು ಇಬ್ಬರೂ ಜಗ್ಗಾಡುತ್ತಾರೆ. ಕೊನೆಗೆ ಗುರುವಿನ ಸೊಂಟ ಅವನ ಹಿಡಿತಕ್ಕೆ ಸಿಗುತ್ತದೆ, ಕಾಲು ನೆಲ ಬಿಡುತ್ತದೆ. ಅಲ್ಲಿಗೆ ಅವನು ಅನುಮಾನಿಸುತ್ತಾನೆ. "ಬಿಡಬ್ಯಾಡಲೇ!" ಎಂದು ಮೇಲಿನಿಂದಲೇ ಗುಂಡಪ್ಪ ಅಬ್ಬರಿಸುತ್ತಾರೆ.

ದೊಪ್ಪನೆ ಸದ್ದಾಗುತ್ತದೆ. ಗುಂಡಪ್ಪನವರು ಅಂಗಾತ ಬಿದ್ದಿದ್ದಾರೆ. "ಮಾಫ್ ಕರಾ, ವಸ್ತಾದ್‌ಜೀ" ಎಂದು ಗಿರಿಧರ ಅಳುವುದೊಂದು ಬಾಕಿ. ಅವರು ಮಾತ್ರ ಮಾಡು ನೋಡುತ್ತ ಹೊಟ್ಟೆ ಕುಣಿಯುವಂತೆ ನಗುತ್ತಿದ್ದಾರೆ.

ಆಮೇಲೆ ನಲ್ಲಿಯ ಬಳಿ ಗಿರಿಧರ ಗುರುವಿನ ಬೆನ್ನಿನ ಮಣ್ಣು ತೊಳೆಯಲು ಚೊಂಬು ಎತ್ತುತ್ತಾನೆ. ಗುಂಡಪ್ಪ ಅವನ ಕೈ ತಡೆಯುತ್ತಾರೆ.

"ಇರ್ಲಿ ಬಿಡಪಾ. ಹಿಂಗs ಮನೀತನಕ ನಡಕೋಂತ ಹೋಗತೇನಿ. ಯಾರ ಕೆಡವಿದ್ರು ಅಂತ ದಾರ್‍ಯಾಗ ಮಂದಿ ಕೇಳತಾರ. ನಿನ್ನ ಹೆಸರ ಹೇಳಬೇಕಲ್ಲ ನಾನು."