ಕಿಡ್ನಿ ಚೆನ್ನಾಗಿದೆ ಅಂದರು

ಅಮ್ಮ ನನಗೆ ಕಿಡ್ನಿ ಕೊಟ್ಟು ಎಂಟು ವರ್ಷವಾಗಿತ್ತು. ತಮಿಳುನಾಡಿನ ಗಡಿಯೊಳಗೆ, ಸಾನಮಾವು ಕಾಡಿನ ಆಚೆಯ ನಮ್ಮೂರಲ್ಲಿ ಟೊಮ್ಯಾಟೊ, ಬೀನ್ಸ್ ಬೆಳೆದುಕೊಂಡು, ಉಳಿದ ಒಂದೇ ಕಿಡ್ನಿಯಲ್ಲಿ ಅವಳು ನನಗಿಂತ ಗಟ್ಟಿಯಾಗಿದ್ದಳು. ನಾನು ಹೊಸೂರಿನ ಆಲಸನತ್ತದ ಬಾಡಿಗೆ ಮನೆಯಲ್ಲಿ ಹೊತ್ತು ತಪ್ಪದೆ ಮಾತ್ರೆ ನುಂಗುತ್ತಾ, ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದೆ. ಕಿಡ್ನಿ ಡಾಕ್ಟರು ರಿಪೋರ್ಟ್ ನೋಡಿ ಚೆನ್ನಾಗಿದೆ ಅನ್ನುತ್ತಿದ್ದರು. ಅಲ್ಲಿಗೆ ಭೇಟಿ ಮುಗಿಯುತ್ತಿತ್ತು. ಚೆನ್ನಾಗಿರುವುದು ಕಿಡ್ನಿ ಮಾತ್ರ ಅಂತ ನನಗೆ ಹೊಳೆದೇ ಇರಲಿಲ್ಲ.

ತಿಂಗಳ ಮುಟ್ಟು ಮುಗಿದು ಹತ್ತು ದಿನಕ್ಕೆ ಮತ್ತೆ ರಕ್ತ ಕಾಣಿಸತೊಡಗಿದಾಗ ಕಿಡ್ನಿ ಡಾಕ್ಟರಿಗೆ ಹೇಳಿದೆ. ಹೆಂಗಸರ ಡಾಕ್ಟರಿಗೆ ತೋರಿಸಿ ಅಂದರು. ಹೊಸೂರಿನ ಹೆಂಗಸರ ಡಾಕ್ಟರು ನನ್ನ ಫೈಲಿನ ದಪ್ಪ ನೋಡಿಯೇ ಹೆದರಿದಂತಿತ್ತು. ಪರೀಕ್ಷೆ ಮಾಡಲಿಲ್ಲ, ಕಿಡ್ನಿ ಮಾತ್ರೆಯಿಂದಲೇ ಹೀಗಾಗುತ್ತಿರಬಹುದು, ಅಲ್ಲೇ ಕೇಳಿ ಅಂದರು. ಅಲ್ಲಿ ಕೇಳಿದರೆ ಇಲ್ಲಿ, ಇಲ್ಲಿ ಕೇಳಿದರೆ ಅಲ್ಲಿ. ಹೀಗೆ ಏಳು ತಿಂಗಳು ಕಳೆಯಿತು.

ಕೊನೆಗೆ ಬೆಂಗಳೂರಲ್ಲೇ ಬೇರೊಬ್ಬ ಡಾಕ್ಟರನ್ನು ಹುಡುಕಿಕೊಂಡು ಹೋದೆ. ವಯಸ್ಸಾದ ಹೆಂಗಸು. ಒಳಗೆ ನೋಡಿದವರೇ ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮುಂದಿನ ವಾರ ನನ್ನನ್ನೂ ನನ್ನ ಗಂಡನನ್ನೂ ಕೂರಿಸಿಕೊಂಡು, ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಶುರುವಾಗಿದೆ, ಇನ್ನೂ ಚಿಕ್ಕದಿದೆ ಅಂದರು. ಕಾರಣ ಒಂದು ವೈರಸ್. ಗಂಡ-ಹೆಂಡಿರ ಸಂಬಂಧದಲ್ಲಿ ಬರುತ್ತದೆ, ಬಹಳ ಜನಕ್ಕೆ ಬರುತ್ತದೆ, ಸಾಮಾನ್ಯವಾಗಿ ಮೈಯೇ ಅದನ್ನು ಓಡಿಸಿಬಿಡುತ್ತದೆ. ಆದರೆ ಬೇರೆಯವರ ಕಿಡ್ನಿಯ ಮೇಲೆ ಮೈ ತಿರುಗಿ ಬೀಳಬಾರದು ಅಂತ ನಾನು ದಿನಾ ನುಂಗುವ ಮಾತ್ರೆ, ಆ ಓಡಿಸುವ ಶಕ್ತಿಯನ್ನೇ ಕುಗ್ಗಿಸಿತ್ತು.

"ವರ್ಷಕ್ಕೊಂದು ಸಲ ಗರ್ಭಕೋಶದ ಬಾಯಿ ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ನಿಮಗೆ ಯಾರೂ ಹೇಳಿರಲಿಲ್ವಾ?" ಅಂತ ಕೇಳಿದರು.

ಇಲ್ಲ ಅಂದೆ. ಆಪರೇಷನ್ ಆದಾಗ ಕೊಟ್ಟಿದ್ದ ಪುಸ್ತಕವನ್ನು ಮನೆಗೆ ಬಂದು ಹುಡುಕಿ ತೆಗೆದೆ. ನಮ್ಮ ವಿಳಾಸ ತಮಿಳುನಾಡಿನದು ಅಂತ ಆಸ್ಪತ್ರೆಯವರು ತಮಿಳಿನದನ್ನೇ ಕೊಟ್ಟಿದ್ದರು; ಒಂದು ಕಡೆ ಇಂಗ್ಲಿಷ್, ಒಂದು ಕಡೆ ತಮಿಳು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ತಮಿಳು ಮಾತು ಸರಾಗ, ಅಕ್ಷರ ಕೂಡಿಸಿಕೊಂಡು ಓದಬೇಕು. ಕೂಡಿಸಿಕೊಂಡೇ ಓದಿದೆ. ಎಷ್ಟು ನೀರು ಕುಡಿಯಬೇಕು ಅನ್ನುವ ಕಡೆ ನರ್ಸ್ ಕೆಂಪು ಪೆನ್ನಿಂದ ಎರಡು ಗೀಟು ಎಳೆದಿದ್ದಳು. ಹೆಂಗಸರು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು ಅನ್ನುವ ಸಾಲು ಕೊನೆಯ ಪುಟದಲ್ಲಿತ್ತು, ಅದಕ್ಕೆ ಗೀಟಿರಲಿಲ್ಲ. ಬರೆದಿರಲೇ ಇಲ್ಲ ಅಂದಿದ್ದರೆ ಅವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಬಹುದಿತ್ತು. ಈಗ ಅರ್ಧ ಸಿಟ್ಟು ನನ್ನ ಮೇಲೆಯೇ ತಿರುಗಿತು.

ನನ್ನ ಗಂಡ ಮೂರು ದಿನ ಫ್ಯಾಕ್ಟರಿಗೆ ಹೋದರು, ಬಂದರು, ಉಂಡರು. ನಾಲ್ಕನೇ ದಿನ ಊಟದ ತಟ್ಟೆ ಮುಂದೆ ತಲೆ ಎತ್ತದೆ, ಅದು ನಿಂಗೆ ಎಲ್ಲಿಂದ ಬಂತು ಅಂದರು.

"ನಿಮ್ಮಿಂದ್ಲೇ ಬಂದಿರ್ಬೇಕು. ಇನ್ನೆಲ್ಲಿಂದ ಬತ್ತದೆ?" ಅಂದೆ.

ಅನ್ನ ಬಿಟ್ಟು ಎದ್ದು ಹೋದರು. ಮಾರನೇ ದಿನ ಅವರೇ ಆ ವಯಸ್ಸಾದ ಡಾಕ್ಟರಿಗೆ ಫೋನ್ ಮಾಡಿದ್ದರಂತೆ. ಗೊತ್ತಾಗದ ಹಾಗೆ ವರ್ಷಗಟ್ಟಲೆ ಮೈಯಲ್ಲಿರುತ್ತದೆ, ಯಾರಿಂದ ಬಂತು ಅಂತ ಲೆಕ್ಕ ಹಾಕಿ ಉಪಯೋಗವಿಲ್ಲ ಅಂದರಂತೆ ಡಾಕ್ಟರು. ಆಮೇಲೆ ರಜೆ ಬರೆದು ಹಾಕಿ ಪ್ರತಿ ಸಲ ನನ್ನ ಜೊತೆ ಬಂದರು. ಆ ಪ್ರಶ್ನೆ ಕೇಳಿದ್ದಕ್ಕೆ ಮಾತ್ರ ಇವತ್ತಿನವರೆಗೂ ತಪ್ಪಾಯ್ತು ಅಂದಿಲ್ಲ.

ಅಮ್ಮನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಫೋನಿನಲ್ಲಿ ವಿಷಯ ಕೇಳಿ ಅವಳು ಬೆಳಗಿನ ಮೊದಲ ಬಸ್ಸು ಹತ್ತಿದ್ದಳು. ಆನೆಗಳು ರಸ್ತೆ ದಾಟುತ್ತಿವೆ ಅಂತ ಫಾರೆಸ್ಟಿನವರು ಬಸ್ಸು ನಿಲ್ಲಿಸಿದ್ದರಿಂದ ಮನೆ ಮುಟ್ಟುವಾಗ ಬಿಸಿಲೇರಿತ್ತು. ಚೀಲ ಇಳಿಸದೆ ಬಾಗಿಲಲ್ಲೇ ಕೇಳಿದಳು.

"ನಾನು ಕೊಟ್ಟಿದ್ರಾಗೇ ಅದು ಇತ್ತೇನಮ್ಮಾ?"

ಇಲ್ಲಮ್ಮಾ, ಕಿಡ್ನಿಯಿಂದ ಬಂದಿದ್ದಲ್ಲ, ಕಿಡ್ನಿ ಉಳಿಸೋ ಮಾತ್ರೆಯಿಂದ ಮೈ ಸೋತಿದ್ದು ಅಂತ ಎಷ್ಟು ಹೇಳಿದರೂ ಅವಳು ತಲೆಯಾಡಿಸಿ ಮತ್ತೆ ಅಲ್ಲಿಗೇ ಬರುತ್ತಿದ್ದಳು. ನಾಲ್ಕನೇ ಸಲಕ್ಕೆ ರೇಗಿಬಿಟ್ಟೆ. "ಹೌದು, ನಿಂದ್ರಾಗೇ ಇತ್ತು, ಸಾಕಾ?" ಅಂದೆ. ಅವಳು ಅಡಿಗೆಮನೆಗೆ ಹೋಗಿ ತಂದಿದ್ದ ಬೀನ್ಸ್ ಬಿಡಿಸುತ್ತಾ ಕೂತಳು. ಆ ಮಾತನ್ನು ಹೇಗೆ ವಾಪಸ್ ತೆಗೆದುಕೊಳ್ಳಲಿ? ಪಕ್ಕದಲ್ಲಿ ಕೂತು ನಾನೂ ಬಿಡಿಸಿದೆ. ಬೇಕಂತ ಅಂದಿದ್ದಲ್ಲಮ್ಮಾ ಅಂದೆ. ಗೊತ್ತು ಬಿಡು ಅಂದಳು.

ಗರ್ಭಕೋಶ ತೆಗೆದರು. ರೋಗ ಹರಡಿರಲಿಲ್ಲ. ಕಿಡ್ನಿ ಡಾಕ್ಟರು ಒಂದು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಅದಕ್ಕೆ, ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಸ್ವಲ್ಪ ಏರಿತು. ಜಾಸ್ತಿ ನುಂಗಿದರೆ ಒಂದು ಭಯ, ಕಡಿಮೆ ನುಂಗಿದರೆ ಇನ್ನೊಂದು. ಈಗ ಎರಡಕ್ಕೂ ಪರೀಕ್ಷೆ, ಎರಡಕ್ಕೂ ಬೇರೆ ಬೇರೆ ಫೈಲು.

ಪುಸ್ತಕದ ಕೊನೆಯ ಪುಟದ ಆ ಸಾಲನ್ನು ಮೊದಲ ಪುಟಕ್ಕೆ ತನ್ನಿ, ಬಾಯಿಬಿಟ್ಟು ಹೇಳಿ ಅಂತ ಕಿಡ್ನಿ ಡಾಕ್ಟರಿಗೆ ಹೇಳಿದೆ. ಒಳ್ಳೆಯ ಸಲಹೆ ಅಂದರು. ಆರು ತಿಂಗಳಾದ ಮೇಲೆ ಅದೇ ಆಸ್ಪತ್ರೆಯಲ್ಲಿ ಕಾಯುತ್ತಾ ಕೂತಿದ್ದಾಗ, ಹೊಸದಾಗಿ ಕಿಡ್ನಿ ಹಾಕಿಸಿಕೊಂಡ ಹೆಂಗಸೊಬ್ಬಳ ಕೈಯಲ್ಲಿ ಅದೇ ಪುಸ್ತಕ ಕಂಡಿತು. ಪಕ್ಕಕ್ಕೆ ಹೋಗಿ ಕೂತು, ಕೊನೆಯ ಪುಟ ತೆಗೆಸಿ, ಕಾರಣ ಬಿಡಿಸಿ ಹೇಳಿದೆ. ಗಂಡನ ವಿಷಯ ಬಂದ ಕೂಡಲೇ ಅವಳು ಸೆರಗು ಸರಿಮಾಡಿಕೊಂಡು ಎದ್ದು ಬೇರೆ ಕುರ್ಚಿಗೆ ಹೋದಳು. ನಾನೂ ಎದ್ದು ಅವಳ ಹಿಂದೆಯೇ ಹೋದೆ.