ಹುಣಸೆಹಣ್ಣಿನ ಮೇಲೆ ಹೊರಿಸಿದ ತಪ್ಪು

ಶರಣಪ್ಪನವರೇ, ನಿಮ್ಮ ಹಲ್ಲು ಸವೆದದ್ದು ಹುಣಸೆಹುಳಿಯಿಂದ ಅಲ್ಲ. ಆಸಿಡ್ ಆವಿಯಿಂದ. ಅದು ನನಗೆ ಮೊದಲ ದಿನವೇ ಗೊತ್ತಿತ್ತು — ಗೊತ್ತಿದ್ದೂ ಸುಳ್ಳು ಬರೆದೆ.

ಹೈದರಾಬಾದಿನಲ್ಲಿ ಸ್ವಂತ ಕ್ಲಿನಿಕ್ ಇಡುವ ಧೈರ್ಯ ನನಗಿರಲಿಲ್ಲ. ಹಲ್ಲಿನ ಡಾಕ್ಟರಿಗೆ ಬೇರೆ ದಾರಿಗಳಾದರೂ ಎಷ್ಟಿದ್ದವು? ಕಾಲೇಜಿನಲ್ಲಿ ಪಾಠ, ಸರ್ಕಾರಿ ಆಸ್ಪತ್ರೆ — ಎರಡೂ ಕಡೆ ಅಲೆದು ಸಾಕಾಗಿತ್ತು. ಕೊನೆಗೆ ಪಟಾನ್‌ಚೆರುವಿನ ಬ್ಯಾಟರಿ ಕಾರ್ಖಾನೆಯ ದವಾಖಾನೆಯಲ್ಲಿ ನೌಕರಿ ಸಿಕ್ಕಿತು. ಹೈಟೆಕ್ ಸಿಟಿಯ ಕಂಪ್ಯೂಟರುಗಳು ಕರೆಂಟ್ ಹೋದರೂ ಆರಬಾರದಲ್ಲ — ನಮ್ಮಲ್ಲಿ ಮೂರು ಪಾಳಿಯಲ್ಲಿ ಬ್ಯಾಟರಿ ತಯಾರಾಗುತ್ತಿದ್ದವು.

ನೀವು ಚಿತ್ತಾಪುರದ ಕಡೆಯವರು. ಆಸಿಡ್ ತುಂಬಿದ ಬ್ಯಾಟರಿಗಳನ್ನು ಚಾರ್ಜಿಗೆ ಇಡುವ, ದಿನವಿಡೀ ಆವಿ ಏಳುವ ಖೋಲಿಯಲ್ಲಿ ಕೆಲಸ. ಡಾಕ್ಟರಮ್ಮ ಎನ್ನದೆ ನಿಮ್ಮ ಕಡೆಯ ರೂಢಿಯಂತೆ ‘ಬಾಯಾರ’ ಎಂದು ಕರೆದು, ಕನ್ನಡದ ಬಾಯಾರು ಸಿಕ್ಕರೆಂದು ಎಷ್ಟು ಹಿಗ್ಗಿದಿರಿ! ಬಾಯಿ ತೆರೆದಿರಿ. ತುಟಿ ಮುಚ್ಚದಷ್ಟು ಭಾಗ ಮಾತ್ರ, ಮುಂದಿನ ಹಲ್ಲುಗಳ ಅಂಚು ಮಾತ್ರ ಕರಗಿತ್ತು. ಊಟದ ಹುಳಿ ಹಾಗೆ ಆರಿಸಿ ಆರಿಸಿ ತಿನ್ನುವುದಿಲ್ಲ. ‘ಕೆಲಸದಿಂದ’ ಎಂದು ಒಂದು ಮಾತು ಬರೆದಿದ್ದರೆ ನಿಮ್ಮನ್ನು ಆ ಖೋಲಿಯಿಂದ ಪ್ಯಾಕಿಂಗಿಗೆ ಹಾಕಲೇಬೇಕಿತ್ತು. ಆದರೆ ಮ್ಯಾನೇಜರ್ ಮೊದಲೇ ಹೇಳಿಟ್ಟಿದ್ದರು — ಹಾಗೆ ಬರೆಯುವ ಡಾಕ್ಟರು ನಮಗೆ ಬೇಡ. ನನಗೆ ಹೆದರಿಕೆಯಾಯಿತು. ಥೂ, ಎಂಥ ಹೆದರಿಕೆ!

“ಹುಳಿ ಭಾಳ ತಿಂತೀರಿ, ಬಿಡ್ರಿ” ಎಂದೆ. ಚೀಟಿಯಲ್ಲೂ ಅದನ್ನೇ ಬರೆದೆ.

ನೀವು ಬಿಟ್ಟೇಬಿಟ್ಟಿರಿ. ಎರಡು ವರ್ಷದ ಮೇಲೆ ಮತ್ತೆ ಬಂದಾಗ ಮುಂದಿನ ಹಲ್ಲು ಅರ್ಧಕ್ಕಿಳಿದಿದ್ದವು. ತಣ್ಣೀರು ಕುಡಿಯಲಾಗುತ್ತಿರಲಿಲ್ಲ. ಬಾಯಿಗೆ ಟವೆಲ್ಲು ಹಿಡಿದು, ತಪ್ಪು ಮಾಡಿದವರ ಹಾಗೆ ನಿಂತು ಹೇಳಿದಿರಿ —

“ಮನ್ಯಾಗ ಹುಣಸಿಹಣ್ಣ ತಂದೇ ಇಲ್ರಿ ಬಾಯಾರ. ನಮ್ಮಾಕಿ ಬಸುರಿದ್ದಾಗ ಬೇಡಿದ್ಳು, ಆಗೂ ತರಲಿಲ್ಲ. ಒಮ್ಮೆ, ತಂಗಿ ಮದಿವ್ಯಾಗ, ಎರಡು ಸೌಟು ಸಾರು ಉಂಡೀನ್ರಿ. ಅದಕ್ಕ ಹಿಂಗಾತೇನ್ರಿ?”

ಆಗಲಾದರೂ — ಆಗಲಾದರೂ ಹೇಳಬಹುದಿತ್ತು. “ಮತ್ತ? ನಾ ಹೇಳಿದ್ದಿಲ್ಲೇನು?” ಎಂದು ಗದರಿದೆ. ನೀವು ತಲೆ ತಗ್ಗಿಸಿ ಮತ್ತೆ ಅದೇ ಖೋಲಿಗೆ ಹೋದಿರಿ.

ಆಮೇಲೆ ನೀವು ಕೆಲಸ ಬಿಟ್ಟು ಊರಿಗೆ ಹೋದಿರೆಂದು ಕೇಳಿದೆ. ನಾನು ಅಲ್ಲೇ ಉಳಿದೆ, ಬಡ್ತಿಯನ್ನೂ ತಗೊಂಡೆ. ಎಷ್ಟು ಜನರ ಚೀಟಿಯಲ್ಲಿ ಹುಳಿ ಎಂದು ಬರೆದೆನೋ —

ಈಗ ನಿಜವನ್ನು ಬರೆದು ಸಹಿ ಹಾಕಿ ಇಟ್ಟುಕೊಂಡಿದ್ದೇನೆ. ಚಿತ್ತಾಪುರಕ್ಕೆ ಬರುತ್ತೇನೆ, ಹುಡುಕುತ್ತೇನೆ. ಕ್ಷಮಿಸಿ ಎಂದು ಕೇಳಲು ಅಲ್ಲ. ನಿಮ್ಮ ಮುಂದೆ, ನಿಮ್ಮಾಕಿಯ ಮುಂದೆ ನಿಂತು ಒಂದು ಮಾತು ಹೇಳಬೇಕು — ಆ ಎರಡು ಸೌಟು ಸಾರಿನಿಂದ ಏನೂ ಆಗಿರಲಿಲ್ಲ.