ದೋಣಿ ದಡಕ್ಕೆ ಬರುವವರೆಗೆ

ಅಮ್ಮನ ಮಂಡಿನೋವಿಗೆಂದು ನಿನ್ನೆ ಸಂತೆಕಟ್ಟೆಯಿಂದ ಬಿಸಿನೀರಿನ ಬ್ಯಾಗ್ ತಂದೆ. ಪೊಟ್ಟಣ ಬಿಚ್ಚಿದ್ದೇ ತಡ, ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಹಿಂದೆ ಕಾಪುವಿನಲ್ಲಿದ್ದಾಗ ನಮ್ಮ ಪಕ್ಕದ ಮನೆಯ ತಂಡೇಲರು ಇಂಥದೇ ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ ಜಗಲಿಯಲ್ಲಿ ಕೂರುತ್ತಿದ್ದರು...

ಮೀನುಗಾರಿಕೆ ದೋಣಿ ನಡೆಸುವವರು ಅವರು. ಕಡಲಿನಲ್ಲಿ ಏಳೆಂಟು ಮಂದಿ ಅವರ ಮಾತಿಗೆ ಕಾಯುತ್ತಿದ್ದರು. ಆದರೆ ಹೊಟ್ಟೆನೋವಿನ ರಿಪೋರ್ಟು ಇಂಗ್ಲಿಷಿನಲ್ಲಿ ಉಂಟೆಂದು ಮಣಿಪಾಲದ ಆಸ್ಪತ್ರೆಗೆ ನನ್ನನ್ನು ಜತೆಗೆ ಕರೆದರು. ನಾನು ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು. ಹೊಟ್ಟೆಯೊಳಗಿನ ಸಂಗತಿ ನನಗೆಷ್ಟು ಗೊತ್ತು? ಆದರೂ ದೊಡ್ಡ ಜಾಣೆಯಂತೆ ಹೋದೆ.

ಡಾಕ್ಟರು ಕನ್ನಡದಲ್ಲೇ ನಿಧಾನವಾಗಿ ಬಿಡಿಸಿ ಹೇಳಿದರು. ಮೇದೋಜೀರಕ ಗ್ರಂಥಿ ಹಳೆಯ ಬಾವಿನಿಂದ ಹಾಳಾಗುತ್ತಿದೆ, ಅದರ ನಾಳದಲ್ಲಿ ಕಲ್ಲುಗಳಿವೆ. ಬಾಯಿಯ ಮೂಲಕ ಎಂಡೋಸ್ಕೋಪಿ ಮಾಡಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಡಬಹುದು, ಆದರೆ ಅದನ್ನು ಮತ್ತೆ ಮತ್ತೆ ಬದಲಿಸಬೇಕು. ಇಲ್ಲವೇ ಹೊಟ್ಟೆ ತೆರೆದು ಆಪರೇಷನ್. ಅದಾದ ಮೇಲೆ ಕೆಲವು ತಿಂಗಳು ಕಡಲಿಗೆ ಹೋಗುವಂತಿಲ್ಲ. "ನನ್ನನ್ನು ಕೇಳಿದರೆ ಆಪರೇಷನ್, ಅದೂ ಬೇಗ," ಅಂದರು.

ಮಳೆಗಾಲದ ಮೀನುಗಾರಿಕೆ ನಿಷೇಧ ಆಗಷ್ಟೇ ಮುಗಿದಿತ್ತು. ಬಲೆ ಸಿದ್ಧವಾಗಿತ್ತು. ತಂಡೇಲರು ನನ್ನ ಕಡೆ ತಿರುಗಿ, "ಎಂತ ಮಾಡುವುದು ಟೀಚರೇ? ನೀವು ಹೇಳಿದ ಹಾಗೆ," ಅಂದರು.

"ಬಾಯಿಯಿಂದಲೇ ಆಗುವುದಾದರೆ ಹೊಟ್ಟೆ ಯಾಕೆ ಕೊಯ್ಯಿಸುವುದು? ಆಪರೇಷನ್ ಮುಂದಿನ ಮಳೆಗಾಲದಲ್ಲಿ, ದೋಣಿ ದಡಕ್ಕೆ ಬಂದ ಮೇಲೆ ನೋಡುವ," ಅಂದೆ. ಅವರ ಮುಖ ಅರಳಿತು. ನೆಂಟರ ಮನೆಗೆ ಹೋಗುವುದು, ಹಲ್ಲು ಕೀಳಿಸುವುದು, ಎಲ್ಲವನ್ನೂ ನಮ್ಮ ಕಡಲಿನವರು ದೋಣಿ ನಿಲ್ಲುವ ಆ ಎರಡು ತಿಂಗಳಿಗೆ ಇಟ್ಟುಕೊಳ್ಳುತ್ತಾರೆ. ಕಾಯಿಲೆಯನ್ನೂ ಇಡಬಹುದೆಂದು ನಾವಿಬ್ಬರೂ ನಂಬಿದೆವು.

ಮೂರು ಸಲ ಸ್ಟೆಂಟ್ ಬದಲಾಯಿತು. ಪ್ರತಿ ಸಲ ಕೆಲವು ವಾರ ಸುಖ, ಆಮೇಲೆ ಅದೇ ನೋವು. ಗೋಡೆಯಾಚೆ ಅವರು ನರಳುವುದು ಕೇಳುತ್ತಿತ್ತು. ಬ್ಯಾಗಿಗೆ ನೀರು ಕಾಯಿಸಿ ಕೊಡುವುದು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಜೂನ್‌ನಲ್ಲಿ ದೋಣಿ ದಡಕ್ಕೆ ಬಂದಾಗ ಅವರು ಸೊರಗಿ ಅರ್ಧಕ್ಕರ್ಧ ಆಗಿದ್ದರು. ಈ ದೇಹ ಈಗ ಆಪರೇಷನ್ ತಡೆಯದು, ಮೊದಲು ತೂಕ ಏರಲಿ ಎಂದರು ಡಾಕ್ಟರು. ಏರಲಿಲ್ಲ.

"ಬೇಜಾರು ಮಾಡಬೇಡಿ ಟೀಚರೇ. ನನಗೆ ಬೇಕಾದ್ದನ್ನೇ ನೀವು ಹೇಳಿದ್ದು," ಅಂದಿದ್ದರು ಒಮ್ಮೆ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ... ನಿಷೇಧ ಮುಗಿದು ದೋಣಿ ಮತ್ತೆ ನೀರಿಗಿಳಿದಾಗ ಅವರಿರಲಿಲ್ಲ.

ನಿನ್ನೆ ಬ್ಯಾಗನ್ನು ಮಂಡಿಯ ಮೇಲಿಡುವಾಗ ಅಮ್ಮ, "ಆಪರೇಷನ್ ಮಾಡಿಸುವುದಾ, ಇಂಜೆಕ್ಷನ್ ಸಾಕಾ? ನೀನೇ ಹೇಳು," ಅಂದರು. ನಾನು ಬ್ಯಾಗಿನ ಬಿರಡೆ ಬಿಗಿ ಮಾಡುತ್ತಾ, "ಡಾಕ್ಟರು ಎಂತ ಹೇಳಿದ್ದಾರಮ್ಮ?" ಎಂದಷ್ಟೇ ಕೇಳಿದೆ.